ಶೆಫೀಲ್ಡ್‌ನ ಸ್ಟೂಡೆಂಟ್ ರೂಮಲ್ಲಿ ಒಂದು ವರ್ಷ, 5ಕ್ಕೆ 3 ಸ್ಟಾರ್

ಬಿಲ್ಡಿಂಗ್ ಹೆಸರು ಹಾಕಲ್ಲ, ಕೇಳ್ಬೇಡಿ. ಅದೇ ಥರದ್ದು ಇಂಗ್ಲೆಂಡಿನ ಈ ಶೆಫೀಲ್ಡ್ ಸಿಟಿ ಸೆಂಟರಲ್ಲೇ ಸುಮಾರಿವೆ, ಒಳಗೆ ಹೋದ್ರೆ ಎಲ್ಲಾ ಒಂದೇ ಅಚ್ಚು: ಕೆಳಗೆ ರಿಸೆಪ್ಷನ್, ಬಣ್ಣ ಬಣ್ಣದ ಸೋಫಾ, ಒಂದು ಪೂಲ್ ಟೇಬಲ್ಲು, ಮೇಲೆ ಉದ್ದುದ್ದ ಕಾರಿಡಾರು. ನಾನು 2024ರ ಸೆಪ್ಟೆಂಬರಲ್ಲಿ ಎಂಎಸ್ಸಿ ಮೆಕ್ಯಾನಿಕಲ್ ಮಾಡೋಕೆ ಬಂದಾಗ ಊರಲ್ಲಿ ಕೂತೇ ಬುಕ್ ಮಾಡಿದ್ದ ರೂಮಿನ ರಿವ್ಯೂ ಇದು. ಈ ಸಲ ಬರ್ತಿರೋರು ಒಂದಿಬ್ಬರು ಮೆಸೇಜ್ ಮಾಡಿ ಕೇಳಿದ್ರು, ಎಲ್ರಿಗೂ ಬೇರೆ ಬೇರೆ ಟೈಪ್ ಮಾಡೋ ಬದ್ಲು ಇಲ್ಲೇ ಬರೀತಿದೀನಿ.

ನಂದು ಎನ್‌ಸ್ವೀಟ್ ರೂಮು, ಅಂದ್ರೆ ಬಾತ್‌ರೂಮ್ ಸ್ವಂತ, ಕಿಚನ್ ಐದು ಜನಕ್ಕೆ ಸೇರಿ ಒಂದು. ವಾರಕ್ಕೆ 168 ಪೌಂಡ್. ಇಲ್ಲಿ ಬಾಡಿಗೆ ವಾರದ ಲೆಕ್ಕದಲ್ಲಿ ಹಾಕಿರ್ತಾರೆ, ನಾವು ತಿಂಗಳಿಗೆ ನಾಲ್ಕು ವಾರ ಅಂತ ಗುಣಿಸಿ ಖುಷಿ ಪಡ್ತೀವಿ, ಆದ್ರೆ ವರ್ಷಕ್ಕೆ 52 ವಾರ ಸ್ವಾಮಿ, 48 ಅಲ್ಲ. ನನ್ನ ಕಾಂಟ್ರಾಕ್ಟ್ 51 ವಾರದ್ದು, ಒಟ್ಟು 8,568 ಪೌಂಡ್. ಕರೆಂಟು, ನೀರು, ಹೀಟಿಂಗು, ವೈಫೈ ಎಲ್ಲಾ ಅದರೊಳಗೇ, ಆ ಮಟ್ಟಿಗೆ ನೆಮ್ಮದಿ. ಹೊರಗೆ ಮನೆ ಮಾಡಿದ್ದ ಫ್ರೆಂಡ್ಸು ಜನವರಿಯಲ್ಲಿ ಗ್ಯಾಸ್ ಬಿಲ್ ನೋಡಿ ಮನೆಯೊಳಗೇ ಜಾಕೆಟ್ ಹಾಕ್ಕೊಂಡು ಓಡಾಡ್ತಿದ್ರು, ನಾನು ಹೀಟರ್ ಬಟನ್ ಒತ್ಕೊಂಡು ಟೀ ಶರ್ಟಲ್ಲಿದ್ದೆ. ತಿಂಗಳು ತಿಂಗಳು ಕಟ್ತೀನಿ ಅಂದ್ರೆ ಯೂಕೆನಲ್ಲೇ ಇರೋ ಗ್ಯಾರಂಟರ್, ಅಂದ್ರೆ ಜಾಮೀನು ನಿಲ್ಲೋರು ಬೇಕು ಅಂದ್ರು, ನಮಗೆಲ್ಲಿಂದ ಬರ್ಬೇಕು ಗ್ಯಾರಂಟರ್ರು, ಮೂರು ಕಂತಲ್ಲಿ ಮುಂಗಡವಾಗಿ ಕಟ್ಟಿದೆ. ಲೋನ್ ತಗೊಂಡು ಬರೋರು ಮೊದಲ ಕಂತಿನ ತಾರೀಖು ನೋಡ್ಕೊಂಡು ಬ್ಯಾಂಕಿನವರ ಬೆನ್ನು ಹತ್ತಿ, ಇಲ್ಲಾಂದ್ರೆ ಡ್ಯೂ ಡೇಟ್ ಒಂದು ಕಡೆ, ದುಡ್ಡು ಬರೋದು ಇನ್ನೊಂದು ಕಡೆ.

ಈಗ ಅಸಲಿ ವಿಷ್ಯ. ನಾನು ವಾರ ಎಷ್ಟು ಅಂತ ನೋಡಿದೆ, ತಾರೀಖು ನೋಡ್ಲಿಲ್ಲ. ಕಾಂಟ್ರಾಕ್ಟ್ ಶುರುವಾಗಿದ್ದು ಸೆಪ್ಟೆಂಬರ್ 7ಕ್ಕೆ, ನಾನು ಬಂದಿದ್ದು 21ಕ್ಕೆ, ಯಾಕಂದ್ರೆ ಕ್ಲಾಸ್ ಶುರು ಆಗೋದೇ ತಿಂಗಳ ಕೊನೆಗೆ. ಎರಡು ವಾರ ಖಾಲಿ ರೂಮಿಗೆ ಬಾಡಿಗೆ. ಹೋಗ್ಲಿ ಬಿಡಿ. ಮುಗಿಯೋದು 2025ರ ಆಗಸ್ಟ್ 30ಕ್ಕೆ. ನನ್ನ ಡಿಸರ್ಟೇಶನ್, ಅಂದ್ರೆ ಕೊನೇ ಪ್ರಾಜೆಕ್ಟ್ ರಿಪೋರ್ಟು ಕೊಡ್ಬೇಕಿದ್ದಿದ್ದು ಸೆಪ್ಟೆಂಬರಲ್ಲಿ! ಇಲ್ಲಿ ಎಂಎಸ್ಸಿ ಪೂರ್ತಿ ಹನ್ನೆರಡು ತಿಂಗಳು, ಬೇಸಿಗೆ ಪೂರ್ತಿ ಪ್ರಾಜೆಕ್ಟ್, ರಜೆ ಗಿಜೆ ಇಲ್ಲ. ಅಂದ್ರೆ ಮೊದಲ ಎರಡು ವಾರ ರೂಮಿತ್ತು ನಾನಿರ್ಲಿಲ್ಲ, ಕೊನೇ ಎರಡು ವಾರ ನಾನಿದ್ದೆ ರೂಮಿರ್ಲಿಲ್ಲ. ಎರಡು ವಾರ ಮುಂದಕ್ಕೆ ಹಾಕಿ ಅಂತ ಕೇಳಿದ್ದಕ್ಕೆ ಹೊಸಬರು ಬರೋಕೆ ಮುಂಚೆ ಡೀಪ್ ಕ್ಲೀನ್ ಇದೆ, ಆಗಲ್ಲ ಅಂದ್ರು. ಕ್ರುಕ್ಸ್ ಏರಿಯಾದಲ್ಲಿ ಮನೆ ಮಾಡಿದ್ದ ದಾವಣಗೆರೆ ಹುಡುಗನ ಹಾಲಲ್ಲಿ ಚಾಪೆ ಹಾಸ್ಕೊಂಡು, ಪ್ರಾಜೆಕ್ಟಿನ ಕಂಪ್ಯೂಟರ್ ಸಿಮ್ಯುಲೇಶನ್ ರನ್ ಆಗೋಕೆ ಬಿಟ್ಟು ಪಕ್ಕದಲ್ಲೇ ಮಲಗ್ತಿದ್ದೆ, ರಾತ್ರಿಯೆಲ್ಲಾ ಲ್ಯಾಪ್‌ಟಾಪ್ ಫ್ಯಾನು ಕಿವಿ ಹತ್ರ ಗುಂಯ್ ಅಂತಿತ್ತು. ಬಿಎಸ್ಸಿ ಹುಡುಗ್ರಿಗೆ ಅಂತ ಇರೋ 44 ವಾರದ ಕಾಂಟ್ರಾಕ್ಟ್ ಕಮ್ಮಿ ಅಂತ ತಗೊಂಡಿದ್ದ ನನ್ನ ಕ್ಲಾಸಿನ ಒಬ್ಬನ ಪಾಡಂತೂ ಕೇಳ್ಬೇಡಿ, ಜುಲೈನಲ್ಲೇ ಗಂಟುಮೂಟೆ ಕಟ್ಟಿದ.

ರೂಮಿನ ಬಗ್ಗೆ ದೊಡ್ಡ ದೂರಿಲ್ಲ. ಮಂಚ, ಉದ್ದದ ಮೇಜು, ಕಪಾಟು ಎಲ್ಲಾ ಗಟ್ಟಿಮುಟ್ಟು. ಹಾಸಿಗೆ ಕೊಡ್ತಾರೆ, ದಿಂಬು ಹೊದಿಕೆ ಕೊಡಲ್ಲ, ಬಂದ ದಿನ ರಾತ್ರಿ ಅಂಗಡಿ ಮುಚ್ಚಿರತ್ತೆ, ಒಂದು ಬೆಡ್‌ಶೀಟನ್ನಾದ್ರೂ ಸೂಟ್‌ಕೇಸಲ್ಲಿ ಹಾಕ್ಕೊಳ್ಳಿ. ನಾನು ಮ್ಯಾಂಚೆಸ್ಟರ್ ಏರ್‌ಪೋರ್ಟಲ್ಲಿ ಇಳಿದು ಅಲ್ಲಿನ ಪಿಕಾಡಿಲಿ ಸ್ಟೇಷನ್ನಲ್ಲಿ ಟ್ರೈನ್ ಬದಲಾಯಿಸಿ ಎರಡು ಸೂಟ್‌ಕೇಸ್ ಎಳ್ಕೊಂಡು ಬಂದು ಸೇರೋ ಹೊತ್ತಿಗೆ ರಾತ್ರಿ ಹತ್ತಾಗಿತ್ತು, ಮೊದಲ ರಾತ್ರಿ ಟವೆಲ್ ಹೊದ್ಕೊಂಡು ಮಲಗಿದವನು ನಾನು. ಕಿಟಕಿ ಒಂದು ಗೇಣಿಗಿಂತ ಜಾಸ್ತಿ ತೆಗೆಯೋಕಾಗಲ್ಲ, ಸೇಫ್ಟಿಗೆ ಅಂತ ಲಾಕ್ ಇಟ್ಟಿರ್ತಾರೆ. ಅದರ ಫಲ ಚಳಿಗಾಲದಲ್ಲಿ ಗೊತ್ತಾಗತ್ತೆ: ಡ್ರೈಯರ್‌ಗೆ ಯಾಕೆ ದುಡ್ಡು ಅಂತ ರೂಮಲ್ಲೇ ಬಟ್ಟೆ ಒಣಗಿಸಿದ್ರೆ ಬೆಳಗ್ಗೆ ಗಾಜಿನ ಮೇಲೆ ನೀರು ಇಳೀತಿರತ್ತೆ, ಎರಡು ತಿಂಗಳಿಗೆ ಕಿಟಕಿ ಮೂಲೇಲಿ ಕಪ್ಪು ಬೂಷ್ಟು. ಡ್ಯೂ ಪಾಯಿಂಟ್, ಅಂದ್ರೆ ಗಾಳೀಲಿರೋ ಆವಿ ತಣ್ಣಗಾಗಿ ನೀರಾಗೋ ಉಷ್ಣತೆ, ಅಂತ ಥರ್ಮೋಡೈನಮಿಕ್ಸ್ ಪರೀಕ್ಷೆಲಿ ಬರೆದು ಪಾಸಾದವನಿಗೆ ಅದು ತನ್ನ ರೂಮಲ್ಲೇ ಆಗ್ತಿದೆ ಅಂತ ಹೊಳೀಲಿಲ್ಲ ನೋಡಿ.

ಲಾಂಡ್ರಿ ಕೆಳಗಡೆ, ಆ್ಯಪಲ್ಲಿ ದುಡ್ಡು ಹಾಕಿ ಓಡಿಸೋದು. ವಾಷಿಂಗ್ ಸರಿಯಾಗಿತ್ತು. ಡ್ರೈಯರ್ ಮಾತ್ರ ಬಿಸಿ ಬಿಸಿ ಒದ್ದೆ ಬಟ್ಟೆ ಕೊಡೋ ಮೆಷಿನ್ನು, ಎರಡು ಸಲ ಹಾಕ್ಲೇಬೇಕು. ಭಾನುವಾರ ಸಂಜೆ ಹೋಗ್ಬೇಡಿ.

ಕಿಚನ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಒಂದು ವರ್ಷದ ಸುಖದುಃಖ ಎಲ್ಲಾ ಅಲ್ಲೇ ನಡೆದಿದ್ದು. ಒಲೆ ಇಂಡಕ್ಷನ್ನು. ಅಮ್ಮ ಪ್ರೀತಿಯಿಂದ ಬಟ್ಟೆ ಮಧ್ಯೆ ಸುತ್ತಿ ಕೊಟ್ಟಿದ್ದು ಅಲ್ಯೂಮಿನಿಯಂ ಕುಕ್ಕರ್. ಇಟ್ಟೆ, ಒಲೆ ಕೀಂಕ್ ಅಂತು, ಪಾತ್ರೇನೇ ಇಲ್ಲ ಅಂತ ತೋರಿಸ್ತು. ಇಂಡಕ್ಷನ್‌ಗೆ ಆಯಸ್ಕಾಂತ ಅಂಟೋ ತಳ ಬೇಕು ಅನ್ನೋದು ಪುಸ್ತಕದಲ್ಲಿ ಓದಿದ್ದೇ, ಪ್ಯಾಕ್ ಮಾಡುವಾಗ ನೆನಪಾಗಿಲ್ಲ. ಹ್ಯಾರಿ ಬ್ರಿಯರ್ಲಿ 1913ರಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಮಾಡಿದ ಊರಿಗೆ ಅಲ್ಯೂಮಿನಿಯಂ ಹೊತ್ಕೊಂಡು ಬಂದ ಬುದ್ಧಿವಂತ ಅಂತ ಮೆಟೀರಿಯಲ್ಸ್ ಓದ್ತಿದ್ದ ಫ್ರೆಂಡು ವರ್ಷಪೂರ್ತಿ ಆಡ್ಕೊಂಡ. ಅವನೇ ಹೇಳಿದ ಇನ್ನೊಂದು ಮಾತು ಉಪಯೋಗಕ್ಕೆ ಬಂತು: ಬರೀ ಸ್ಟೀಲ್ ಅಂತ ನಂಬ್ಕೊಂಡು ತರ್ಬೇಡಿ, ನಮ್ಮ ಮನೇಲಿರೋ ಎಷ್ಟೋ ಸ್ಟೀಲ್ ಪಾತ್ರೆಗಳು ನಿಕಲ್ ಇರೋ ಜಾತಿಯವು, ಆಯಸ್ಕಾಂತ ಹಿಡಿಯಲ್ಲ. ಫ್ರಿಜ್ ಮೇಲೆ ಅಂಟಿಸೋ ಮ್ಯಾಗ್ನೆಟ್ ಒಂದು ತಗೊಂಡು ಕುಕ್ಕರ್ ತಳಕ್ಕೆ ಹಿಡಿದು ನೋಡಿ, ಗಟ್ಟಿಯಾಗಿ ಕಚ್ಕೊಂಡ್ರೆ ಮಾತ್ರ ಪ್ಯಾಕ್ ಮಾಡಿ.

ಇನ್ನೊಂದು ಕಾಟ, ಗೋಡೆ ಮೇಲೆ ಒಲೆಗೊಂದು ಟೈಮರ್ ಸ್ವಿಚ್ಚು. ಒತ್ತಿದ್ರೆ ಅರ್ಧ ಗಂಟೆ, ಆಮೇಲೆ ತಾನೇ ಆಫ್. ಮಕ್ಕಳು ಒಲೆ ಹಚ್ಚಿ ಮರೆತು ಮಲಗ್ತಾರೆ ಅಂತ ಇಟ್ಟಿರೋದು, ತಪ್ಪಲ್ಲ, ಆದ್ರೆ ಆಮೇಲೆ ತಗೊಂಡ ಇಂಡಕ್ಷನ್ ಕುಕ್ಕರಲ್ಲಿ ಹುಳಿಗೆ ಬೇಳೆ ಇಟ್ಟು ರೂಮಿಗೆ ಹೋಗಿ ಅಸೈನ್‌ಮೆಂಟ್‌ಗೆ ಕೂತ್ರೆ ಎರಡನೇ ವಿಷಲ್ಲು ಬರೋ ಮುಂಚೆ ಒಲೆ ಸತ್ತಿರತ್ತೆ. ಮೊದಲನೇ ವಿಷಲ್ಲಿಗೆ ನನ್ನ ಚೈನೀಸ್ ಫ್ಲಾಟ್‌ಮೇಟ್ ಹೆದರಿ ಕಾರಿಡಾರಿಗೆ ಓಡಿದ್ದ, ಆಮೇಲಾಮೇಲೆ ಅವನೇ ಎಣಿಸೋಕೆ ಶುರು ಮಾಡಿದ, ಬಾಗಿಲು ತಟ್ಟಿ ಮೂರಾಯ್ತು ಅಂತ ಬೆರಳು ತೋರಿಸಿ ಹೋಗ್ತಿದ್ದ.

ಈಗ ಫೈರ್ ಅಲಾರ್ಮ್. ಪ್ರತಿ ಬುಧವಾರ ಬೆಳಗ್ಗೆ ಟೆಸ್ಟ್ ಮಾಡ್ತಾರೆ, ಅದು ಅಭ್ಯಾಸ ಆಗತ್ತೆ. ಅಕ್ಟೋಬರಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ನಾನು ಸಾರಿಗೆ ಒಗ್ಗರಣೆ ಹಾಕಿದೆ, ಸಾಸಿವೆ ಸಿಡೀತು, ಒಣಮೆಣಸಿನಕಾಯಿ ಕಪ್ಪಾಯ್ತು, ಘಾಟು ಎದ್ದು ಮೂರು ಜನ ಕೆಮ್ಮಿದ್ರು, ಅಷ್ಟರಲ್ಲಿ ಇಡೀ ಬಿಲ್ಡಿಂಗಿಗೆ ಅಲಾರ್ಮ್. ಎಲ್ಲರೂ ಚಪ್ಪಲಿಯಲ್ಲಿ, ನೈಟ್ ಡ್ರೆಸ್ಸಲ್ಲಿ, ಒಬ್ಬಳು ತಲೇಲಿ ಶಾಂಪೂ ನೊರೆ ಸಮೇತ ಬೀದೀಲಿ. ನಾನು ಕೈಯಲ್ಲಿ ಒಗ್ಗರಣೆ ಸೌಟು ಹಿಡ್ಕೊಂಡೇ ಇಳಿದುಬಿಟ್ಟಿದ್ದೆ, ಇನ್ನು ಯಾರು ಮಾಡಿದ್ದು ಅಂತ ತನಿಖೆ ಬೇಕಾ!

ಆದ್ರೆ ಮಾರನೇ ದಿನ ತಲೆ ಎತ್ತಿ ನೋಡಿದಾಗ ಕಾರಣ ಗೊತ್ತಾಯ್ತು. ಕಿಚನ್ನಲ್ಲಿ ಇರೋದು ಶಾಖ ಹಿಡಿಯೋ ಡಿಟೆಕ್ಟರ್ರು, ಹೊಗೆಗೆ ಅದು ತಲೆ ಕೆಡಿಸ್ಕೊಳ್ಳಲ್ಲ. ಹೊಗೆ ಹಿಡಿಯೋದು ಇರೋದು ಕಾರಿಡಾರಲ್ಲಿ ಮತ್ತೆ ರೂಮಲ್ಲಿ. ಕಿಚನ್ ಬಾಗಿಲು ತಾನೇ ಮುಚ್ಕೊಳ್ಳೋ ಫೈರ್ ಡೋರು, ಪದೇ ಪದೇ ತೆಗೆಯೋದು ಬೇಜಾರು ಅಂತ ನಾವೇ ಹತ್ತು ಕೆಜಿ ಅಕ್ಕಿ ಮೂಟೆ ಒರಗಿಸಿ ತೆಗೆದಿಟ್ಟಿದ್ವಿ. ಒಗ್ಗರಣೆದಲ್ಲ ತಪ್ಪು, ಅಕ್ಕಿ ಮೂಟೇದು. ಆವತ್ತಿಂದ ಬಾಗಿಲು ಮುಚ್ಚಿ, ಮೇಲಿನ ಎಕ್ಸಾಸ್ಟ್ ಫುಲ್ ಹಾಕಿ, ಇಂಗು ಮೆಣಸಿನಕಾಯಿ ಎಲ್ಲಾ ಧಾರಾಳವಾಗಿ ಹಾಕಿದೀನಿ, ಮತ್ತೊಮ್ಮೆ ಹೊಡ್ಕೊಂಡಿಲ್ಲ. ಇದನ್ನ ರಿಸೆಪ್ಷನ್‌ನವರು ಬಂದ ದಿನವೇ ಒಂದು ಮಾತು ಹೇಳಿದ್ರೆ ಎಷ್ಟು ಚೆನ್ನಾಗಿರ್ತಿತ್ತು, ಅವರು ಕೊಟ್ಟಿದ್ದು 40 ಪೇಜಿನ ಪಿಡಿಎಫ್. ಹಾಗೇ ಬಿಸಿ ನೀರು ಸ್ನಾನ ಮಾಡಿ ಬಾತ್‌ರೂಮ್ ಬಾಗಿಲು ಅಗಲ ತೆಗೀಬೇಡಿ, ರೂಮಿನ ಡಿಟೆಕ್ಟರ್‌ಗೆ ಆವೀನೂ ಹೊಗೆ ಥರಾನೇ ಕಾಣ್ಬಹುದು.

ಜಾಗ ಮಾತ್ರ ಫಸ್ಟ್ ಕ್ಲಾಸು, ಮೂರು ಸ್ಟಾರಲ್ಲಿ ಒಂದೂವರೆ ಅದಕ್ಕೇ. ಯೂನಿವರ್ಸಿಟಿ ಆಫ್ ಶೆಫೀಲ್ಡ್‌ನ ಡೈಮಂಡ್ ಬಿಲ್ಡಿಂಗ್, ಇಂಜಿನಿಯರಿಂಗ್‌ಗೆ ಅಂತ 2015ರಲ್ಲಿ ತೆರೆದಿದ್ದು, ಹೊರಗೆಲ್ಲಾ ವಜ್ರಾಕಾರದ ಲೋಹದ ಜಾಲರಿ, ನನ್ನ ರೂಮಿಂದ ಏಳು ನಿಮಿಷ ನಡಿಗೆ. ಡಿಸೆಂಬರಲ್ಲಿ ನಾಲ್ಕು ಗಂಟೆಗೇ ಕತ್ತಲೆ, ಲ್ಯಾಬ್ ಮುಗಿಸಿ ಬಂದ್ರೆ ರಾತ್ರಿ ಆದಂಗೆ, ಆಗ ಈ ಏಳು ನಿಮಿಷದ ಬೆಲೆ ತಿಳಿಯತ್ತೆ. ಶೆಫೀಲ್ಡ್ ಅಂದ್ರೆ ದಿಬ್ಬಗಳ ಊರು, ಮ್ಯಾಪಲ್ಲಿ ಹತ್ತು ನಿಮಿಷ ಅಂತ ತೋರಿಸಿದ್ದು ಕಾಲಿಗೆ ಇಪ್ಪತ್ತು. ಬ್ಲೇಕ್ ಸ್ಟ್ರೀಟ್ ಅಂತ ಒಂದಿದೆ, ಫುಟ್‌ಪಾತಿಗೇ ಮೆಟ್ಟಿಲಿಗೆ ಹಾಕಿದಂಗೆ ಕೈಹಿಡಿ ಕಂಬಿ ಹಾಕಿದಾರೆ. ಜನವರಿಯಲ್ಲಿ ಹಿಮ ಬಿದ್ದಾಗ ಕ್ರುಕ್ಸ್ ಹುಡುಗ್ರು ದಿಬ್ಬದ ಮೇಲಿಂದ ಜಾರ್ಕೊಂಡೇ ಕ್ಲಾಸಿಗೆ ಬಂದ್ರು. ಬಸ್ಸಿಗೆ ಅಂದ್ರೆ ನಾನು ಬಂದಾಗ ಒಂದು ಟ್ರಿಪ್ಪಿಗೆ ಜಾಸ್ತಿ ಅಂದ್ರೆ 2 ಪೌಂಡ್ ಇತ್ತು, 2025ರ ಜನವರಿಯಿಂದ ಆ ಮಿತಿ 3 ಪೌಂಡ್ ಆಯ್ತು, ದಿನಾ ಹೋಗಿ ಬಂದ್ರೆ ಲೆಕ್ಕ ಹಾಕ್ಕೊಳ್ಳಿ. ಸಾಮಾನಿಗೆ ಲಂಡನ್ ರೋಡ್ ಕಡೆ ಏಷ್ಯನ್ ಅಂಗಡಿಗಳಿವೆ, ತರಕಾರಿಗೆ ಮೂರ್ ಮಾರ್ಕೆಟ್ಟು, ಎರಡೂ ನಡೆದು ಹೋಗೋ ದೂರ, ವಾಪಸ್ ಬರೋವಾಗ ಮಾತ್ರ ಚೀಲ ಹೊತ್ಕೊಂಡು ಏರು.

ಮೊದಲ ವಾರದ ಕಾಗದ ಪತ್ರದ ಕೆಲಸಕ್ಕೆ ಬಿಲ್ಡಿಂಗಿನವರಿಂದ ಸಿಕ್ಕ ಸಹಾಯ ಅಂದ್ರೆ ಅಡ್ರೆಸ್ ಪ್ರೂಫ್ ಲೆಟರ್ರು, ಅದನ್ನ ಅವತ್ತೇ ಕೊಟ್ರು, ಥ್ಯಾಂಕ್ಸ್. ಆಗಿನ್ನೂ ಬಿಆರ್‌ಪಿ ಕಾರ್ಡು (ಇಲ್ಲಿರೋಕೆ ಕೊಡೋ ಪರ್ಮಿಟ್ಟು) ಪೋಸ್ಟ್ ಆಫೀಸಿಗೆ ಹೋಗಿ ತಗೊಳ್ಬೇಕಿತ್ತು, ಈಗ ಬರೋರಿಗೆ ಕಾರ್ಡೇ ಇಲ್ಲ, ಎಲ್ಲಾ ಆನ್‌ಲೈನಲ್ಲೇ, ಇವೀಸಾ. ವರ್ಷಕ್ಕೆ 776 ಪೌಂಡ್ ಹೆಲ್ತ್ ಸರ್‌ಚಾರ್ಜ್ ಅಂತ ಸರ್ಕಾರಿ ಆಸ್ಪತ್ರೆ ಸೇವೆಗೆ ವೀಸಾ ಜೊತೆನೇ ಕಟ್ಟಿರ್ತೀರಲ್ಲ, ಜ್ವರ ಬರೋ ತನಕ ಕಾಯದೆ ಮೊದಲೇ ಜಿಪಿ, ಅಂದ್ರೆ ಏರಿಯಾದ ಡಾಕ್ಟರ್ ಹತ್ರ ಹೆಸರು ಬರೆಸಿ. ಬಾಗಿಲಿಗೆ ಟಿವಿ ಲೈಸೆನ್ಸ್ (ಟಿವಿ ನೋಡೋಕೆ ಕಟ್ಟೋ ಫೀಸು) ಪತ್ರ ಬಂದೇ ಬರತ್ತೆ, ಕೋರ್ಟು ಗೀರ್ಟು ಅಂತ ಬರೆದಿರೋದು ನೋಡಿ ನಮ್ಮ ಫ್ಲಾಟಿನ ನೈಜೀರಿಯಾ ಹುಡುಗ ಇನ್ನೇನು ಕಟ್ಟೇಬಿಡ್ತಿದ್ದ. ಲೈವ್ ಟಿವಿ, ಬಿಬಿಸಿ ಐಪ್ಲೇಯರ್ ನೋಡಲ್ಲ ಅಂದ್ರೆ ಬೇಡ ಅಂತ ಆನ್‌ಲೈನಲ್ಲಿ ಹೇಳ್ಬಹುದು, ಮುಗೀತು. ಕೌನ್ಸಿಲ್ ಟ್ಯಾಕ್ಸೂ (ನಮ್ಮ ಕಡೆ ಮನೆ ಕಂದಾಯದ ಥರ) ಫುಲ್ ಟೈಮ್ ಸ್ಟೂಡೆಂಟ್ಸಿಗೆ ಇಲ್ಲ.

ಸಿನಿಮಾ ರೂಮು, ಜಿಮ್ಮು, ಟೆರೇಸು ಅಂತ ಫೋಟೋದಲ್ಲಿ ಹಾಕ್ತಾರಲ್ಲ, ಸಿನಿಮಾ ರೂಮಿಗೆ ನಾನು ಒಂದು ವರ್ಷದಲ್ಲಿ ಹೋಗಿದ್ದು ಎರಡು ಸಲ, ಅದರಲ್ಲಿ ಒಂದು ಸಲ ನಿದ್ದೆ ಮಾಡೋಕೆ. ಆ ದುಡ್ಡಿಗೆ ಕಿಚನ್ನಲ್ಲಿ ಎರಡನೇ ಫ್ರಿಜ್ ಇಟ್ಟಿದ್ರೆ ಸಾಕಿತ್ತು, ಐದು ಜನಕ್ಕೆ ಒಂದು ಫ್ರಿಜ್ಜಲ್ಲಿ ನನ್ನ ಪಾಲಿಗೆ ಒಂದು ಶೆಲ್ಫು, ಮೊಸರು ಇಟ್ರೆ ದೋಸೆ ಹಿಟ್ಟಿಗೆ ಜಾಗ ಇಲ್ಲ.

ರಿಸೆಪ್ಷನ್‌ನಲ್ಲಿದ್ದ ಯಾರ್ಕ್‌ಷೈರ್ ಆಂಟಿ ಒಬ್ಬರು ಎಲ್ಲರನ್ನೂ ಲವ್, ಲವ್ ಅಂತ ಕರೀತಿದ್ರು, ಮೊದಲ ವಾರ ನಂಗೆ ಗಾಬರಿಯಾಗಿತ್ತು, ಇಲ್ಲಿ ಅದು ನಮ್ಮ ಕಡೆ ಮಗಾ ಅಂದಂಗೆ ಅಷ್ಟೇ. ಪಾರ್ಸೆಲ್ ಕಳೆದ್ರೆ ಹುಡುಕಿ ಕೊಡೋರು, ಬಲ್ಬ್ ಹೋದ್ರೆ ಮಾರನೇ ದಿನ ಬರೋದು. ಕೆಲಸ ಮಾಡೋ ಜನರ ಮೇಲೆ ಒಂದು ಮಾತೂ ಇಲ್ಲ, ತಕರಾರೆಲ್ಲಾ ಈಮೇಲಲ್ಲಿ ಮಾತ್ರ ಸಿಗೋ ಆಫೀಸಿನ ಮೇಲೆ.

ಆ ಆಫೀಸಿನಿಂದ ಖಾಲಿ ಮಾಡಿದ ಮೂರು ವಾರಕ್ಕೆ ಮೇಲ್ ಬಂತು, ಓವನ್ ಕ್ಲೀನ್ ಇಲ್ಲ, 90 ಪೌಂಡ್, ಐದು ಜನಕ್ಕೆ ಹಂಚಿ ತಲೆಗೆ 18. ಓವನ್ನಿನ ಒಳಗಡೆ ಆ ಸುಟ್ಟ ಕಲೆ ನಾವು ಬಂದ ದಿನವೇ ಇತ್ತು. ಅದೃಷ್ಟಕ್ಕೆ ಮೊದಲ ವಾರ ಇನ್ವೆಂಟರಿ ಫಾರ್ಮ್ (ಯಾವ ಸಾಮಾನು ಯಾವ ಸ್ಥಿತೀಲಿದೆ ಅನ್ನೋ ಪಟ್ಟಿ) ತುಂಬುವಾಗ ನಮ್ಮ ಗ್ರೀಸ್ ದೇಶದ ಫ್ಲಾಟ್‌ಮೇಟ್ ಹುಡುಗಿ ಓವನ್ ಬಾಗಿಲು ತೆಗೆದು ಫೋಟೋ ಹೊಡೆದಿದ್ಲು, ನಾವೆಲ್ಲಾ ಅವಳನ್ನ ನೋಡಿ ನಕ್ಕಿದ್ವಿ. ಫೋಟೋ ತಾರೀಖು ಸಮೇತ ವಾಪಸ್ ಕಳ್ಸಿದ್ಲು, ನಾಲ್ಕನೇ ದಿನ 18 ಪೌಂಡ್ ಅಕೌಂಟಿಗೆ ಬಂತು, ಸಾರಿ ಗೀರಿ ಏನಿಲ್ಲ. ಅಲ್ಯೂಮಿನಿಯಂ ಕುಕ್ಕರ್ ಕ್ರುಕ್ಸ್ ಮನೇಲಿ ಗ್ಯಾಸ್ ಒಲೆ ಮೇಲೆ ಈಗ್ಲೂ ಕೂಗ್ತಿದೆ.