ಬೆಂಗೇರಿಯ ಖಾದಿ ಬಾವುಟ: ಮನೆಯ ಮುಂದೆ ಹಾರಿಸಿದ ಅನುಭವ

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಿಂದ 3 ಅಡಿ ಉದ್ದ, 2 ಅಡಿ ಅಗಲದ ರಾಷ್ಟ್ರಧ್ವಜವನ್ನು ತಂದು ಧಾರವಾಡದ ನಮ್ಮ ಮನೆಯ ಮುಂದೆ ಹಾರಿಸುತ್ತಿದ್ದೇವೆ. ಹಿಂದೆ ಪೇಟೆಯಲ್ಲಿ ಕೊಂಡಿದ್ದ ಪಾಲಿಯೆಸ್ಟರ್ ಬಾವುಟದಲ್ಲಿ ಅಶೋಕ ಚಕ್ರವು ಒಂದು ಬದಿಗೆ ಸರಿದಿತ್ತು, ಅಂಚಿನ ದಾರವೂ ಒಂದೇ ತಿಂಗಳಲ್ಲಿ ಬಿಚ್ಚಿಕೊಂಡಿತ್ತು. ಅದನ್ನು ನೋಡುವಾಗಲೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು.

ಬೆಂಗೇರಿಯ ಬಾವುಟದಲ್ಲಿ ಮೂರೂ ಬಣ್ಣದ ಪಟ್ಟಿಗಳು ಒಂದೇ ಅಗಲಕ್ಕಿವೆ, 24 ಅರಗಳ ಚಕ್ರವು ಎರಡೂ ಬದಿಗಳಲ್ಲಿ ಒಂದರ ಬೆನ್ನಿಗೆ ಒಂದು ಕರಾರುವಾಕ್ಕಾಗಿ ಕೂತಿದೆ, ಹೊಲಿಗೆಯ ಮೇಲೆ ಬೆರಳಾಡಿಸಿದರೆ ಎಲ್ಲಿಯೂ ಗಂಟು ಸಿಗುವುದಿಲ್ಲ. ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ಪಡೆದ ಘಟಕದಿಂದ ನಾನು ಬಯಸಿದ್ದೂ ಇದೇ ಕಟ್ಟುನಿಟ್ಟನ್ನು. ಬೆಲೆ ಪಾಲಿಯೆಸ್ಟರಿಗಿಂತ ಹೆಚ್ಚು. ಆದರೆ ಆ ಹಣ ನೂಲುವ, ನೇಯುವ, ಹೊಲಿಯುವ ಕೈಗಳಿಗೆ ಸಲ್ಲುತ್ತದೆಂಬ ಸಮಾಧಾನ ನನಗಿದೆ.

ರಾಷ್ಟ್ರಧ್ವಜ ಬಳಕೆಯ ನಿಯಮಗಳಾದ ಧ್ವಜ ಸಂಹಿತೆಗೆ 2022ರ ಜುಲೈನಲ್ಲಿ ತಂದ ತಿದ್ದುಪಡಿಯ ನಂತರ ಮನೆಯಲ್ಲಿ ಹಗಲು ರಾತ್ರಿ ಧ್ವಜ ಹಾರಿಸಲು ಅವಕಾಶವಿದೆ. ಆದರೂ ಮುಂಗಾರಿನಲ್ಲಿ ಖಾದಿಯು ತೊಯ್ದು, ಭಾರವಾಗಿ, ಕಂಬಕ್ಕೆ ಅಂಟಿಕೊಳ್ಳುವುದರಿಂದ, ಮೋಡ ಕವಿದೊಡನೆ ನಮ್ಮ ತಾಯಿಯವರು ತಾವೇ ಅದನ್ನು ಇಳಿಸಿ, ಕೇಸರಿ ಮತ್ತು ಹಸಿರನ್ನು ಬಿಳಿಯ ಕೆಳಗೆ ಮಡಚಿ, ಚಕ್ರವು ಮೇಲೆ ಕಾಣುವಂತೆ ಟ್ರಂಕಿನಲ್ಲಿಡುತ್ತಾರೆ.