ನೀರು, ಹಣ್ಣು, ಓಆರ್‌ಎಸ್: ಯಾವಾಗ ಯಾವುದು?

ದೇಹಕ್ಕೆ ನೀರಿನಂಶ ತುಂಬಿಸಿಕೊಳ್ಳಲು ನೀರು, ಹಣ್ಣು-ತರಕಾರಿ, ಓಆರ್‌ಎಸ್ (ನೀರಿನಲ್ಲಿ ಕಲಸಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿ), ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಅದು ನಿಮ್ಮ ದಿನ ಹೇಗಿದೆ ಅನ್ನುವುದರ ಮೇಲೆ ನಿಂತಿದೆ.

ಖರ್ಚಿನಲ್ಲಿ ನೀರಿಗೆ ಸಾಟಿಯಿಲ್ಲ. ಸಕ್ಕರೆಯೂ ಇಲ್ಲ, ಕ್ಯಾಲೊರಿಯೂ ಇಲ್ಲ. ಕೂತು ಕೆಲಸ ಮಾಡುವವರಿಗೆ ಇಷ್ಟೇ ಸಾಕು.

ನೀರು ಕುಡಿಯುವುದೇ ಮರೆತುಹೋಗುತ್ತದೆ ಅನ್ನುವವರಿಗೆ ಹಣ್ಣು, ತರಕಾರಿ ಅನುಕೂಲ. ಸೌತೆಕಾಯಿಯಲ್ಲಿ ಸುಮಾರು 95%, ಕಲ್ಲಂಗಡಿಯಲ್ಲಿ ಸುಮಾರು 91% ನೀರೇ. ಜೊತೆಗೆ ನಾರು, ಪೊಟ್ಯಾಸಿಯಂ ಸಿಗುತ್ತದೆ. ಆದರೆ ಹೆಚ್ಚಿಟ್ಟರೆ ಬೇಗ ಕೆಡುತ್ತದೆ. ಬರೀ ಇದನ್ನೇ ತಿಂದು ದಿನದ ನೀರು ತುಂಬಿಸಿಕೊಳ್ಳುವುದೂ ಕಷ್ಟ.

ವಾಂತಿ, ಭೇದಿ ಆದಾಗ ಲೆಕ್ಕವೇ ಬೇರೆ. ಆಗ ದೇಹದಿಂದ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ, ಹಾಗಾಗಿ ಓಆರ್‌ಎಸ್ ಬೇಕು. ಓಆರ್‌ಎಸ್‌ನ ಗ್ಲೂಕೋಸ್ ಕರುಳಿನಲ್ಲಿ ಸೋಡಿಯಂ ಜೊತೆಗೂಡಿ ಒಳಗೆ ಹೋಗುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರು ಹಾಕಿ. ರುಚಿಗೆಂದು ಸಕ್ಕರೆ ಸೇರಿಸಿದರೆ ಭೇದಿ ಜಾಸ್ತಿಯಾಗಬಹುದು. ಕಲಸಿ 24 ಗಂಟೆ ದಾಟಿದ್ದನ್ನು ಚೆಲ್ಲಿಬಿಡಿ. ಸುಮ್ನೆ ಬಾಯಾರಿಕೆಗೆ ಇದನ್ನು ಕುಡಿಯುವುದು ನನಗಂತೂ ಸರಿ ಕಾಣುವುದಿಲ್ಲ. ಬೇಡದ ಉಪ್ಪು ಯಾಕೆ, ಅಲ್ವಾ?

ಕಿಡ್ನಿ ತೊಂದರೆ ಇದ್ದವರು ಮಾತ್ರ ಮೂರರಲ್ಲಿ ಯಾವುದು, ಎಷ್ಟು ಎಂದು ವೈದ್ಯರನ್ನೇ ಕೇಳಬೇಕು.