ಬಾಳ್ಳುಪೇಟೆಯ ಕಣದ ಪಕ್ಕದಲ್ಲಿ ಮೀಟರ್ ಗೇಜ್: ತೋಟದ ರೈಲು ಸೆಟ್, ನಾಲ್ಕು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ತೋಟದಲ್ಲಿ ಓಡಿಸುವ ಈ ಮಾದರಿ ರೈಲು ಸೆಟ್ಟಿನ ಇಂಜಿನ್ ಒಳ್ಳೆಯದು, ಬೋಗಿಗಳೂ ಗಟ್ಟಿ. ಆದರೆ ಕಂಬಿಯಲ್ಲಿ ಕರೆಂಟ್ ಹರಿಸಿ ರೈಲು ಓಡಿಸುವ ಪದ್ಧತಿ ನಮ್ಮ ಕಡೆ ಮಳೆಗೆ ಆಗಿಬರುವುದಿಲ್ಲ. ಇದನ್ನು ಯಾರಾದರೂ ನಮಗೆ ಮುಂಚೆಯೇ ಹೇಳಿದ್ದರೆ ಎರಡು ವರ್ಷದ ಬೇಜಾರು ತಪ್ಪುತ್ತಿತ್ತು. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಅಳತೆಯ ಬಹಳಷ್ಟು ಸೆಟ್‌ಗಳು ಇದೇ ಪದ್ಧತಿಯಲ್ಲಿ ಬರುತ್ತವೆ.

ನಾವು ನಾಲ್ಕು ಜನ. ನನ್ನದು ಹಾಸನದಲ್ಲಿ ಜೆರಾಕ್ಸ್ ಅಂಗಡಿ, ಭಾನುವಾರ ಮಾತ್ರ ಬಿಡುವು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು ಒಬ್ಬರು. ಬಾಳ್ಳುಪೇಟೆಯ ಹತ್ತಿರ ಸಣ್ಣ ಕಾಫಿ ತೋಟ ಇರುವ ಗೆಳೆಯ ಒಬ್ಬ. ಇನ್ನೊಬ್ಬರು ರೈಲ್ವೆಯಲ್ಲಿ ಕೀಮ್ಯಾನ್, ಅಂದರೆ ದಿನಾ ಕಂಬಿಯ ಉದ್ದಕ್ಕೂ ನಡೆದು ತಪಾಸಣೆ ಮಾಡುವ ಕೆಲಸದಲ್ಲಿದ್ದವರು, ನಮಗೆಲ್ಲ ಅಣ್ಣ. ಸೆಟ್, ಸುಂಕ, ಕೊರಿಯರ್ ಎಲ್ಲ ಸೇರಿ 48,000 ರೂಪಾಯಿ ಆಯಿತು. ತಲೆಗೆ 12,000. ನನಗೆ ಅದು ಜಾಸ್ತಿಯೇ. ಮನೆಯಲ್ಲಿ ಕೇಳಿ, ಒಪ್ಪಿಸಿ, ಎರಡು ಕಂತಿನಲ್ಲಿ ಕೊಟ್ಟೆ.

ಡಬ್ಬ ಬಿಚ್ಚಿದ ದಿನದ ಒಂದು ಮಾತು ಹೇಳಲೇಬೇಕು. ಅಣ್ಣ ಇಂಜಿನ್ ಕಡೆ ನೋಡಲೇ ಇಲ್ಲ. ಒಂದು ತುಂಡು ಕಂಬಿ ಕೈಗೆ ತಗೊಂಡು, ಜೇಬಿನಿಂದ ಸ್ಕೇಲ್ ತೆಗೆದು ಒಳಅಳತೆ ಹಿಡಿದರು. 45 ಮಿಲಿಮೀಟರ್. ಮೇಷ್ಟ್ರು ಡಬ್ಬದ ಮೇಲಿನ ಅಳತೆ ಓದಿದರು, 1:22.5, ಅಂದರೆ ನಿಜವಾದ ರೈಲಿನ 22.5ರಲ್ಲಿ ಒಂದು ಪಾಲು. ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಅನ್ನುವ ಹೆಸರಲ್ಲಿ ತಂದ ಅಳತೆ ಇದು. ಯುರೋಪಿನ ಸಣ್ಣ ರೈಲುಗಳನ್ನು ನೋಡಿ ಮಾಡಿದ್ದು. ಮೇಷ್ಟ್ರು ಅಲ್ಲೇ ಲೆಕ್ಕ ಹಾಕಿದರು: ನಿಜವಾದ ಎರಡು ಕಂಬಿಗಳ ನಡುವೆ ಒಂದು ಮೀಟರ್ ಇದ್ದರೆ, ಅದನ್ನು 22.5ರಿಂದ ಭಾಗಿಸಿದರೆ 44.4 ಮಿಲಿಮೀಟರ್.

"ಹಾಗಾದ್ರೆ ಇದು ನಮ್ಮ ಮೀಟರ್ ಗೇಜೇ ಅಲ್ವಾ ಮೇಷ್ಟ್ರೇ" ಅಂದರು ಅಣ್ಣ. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಅವರು ಕೆಲಸಕ್ಕೆ ಸೇರಿದ್ದು ಘಾಟಿಯಲ್ಲಿ ಮೀಟರ್ ಗೇಜ್ ಇದ್ದಾಗ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರ್, 57 ಸುರಂಗ, 50 ಅಡಿಗೆ ಒಂದು ಅಡಿ ಏರು. ದೋಣಿಗಲ್ಲು, ಕಡಗರವಳ್ಳಿ, ಯಡಕುಮರಿ ಅಂತ ಅವರು ಸ್ಟೇಷನ್ನುಗಳ ಹೆಸರು ಹೇಳುವಾಗ ಮನೆಯವರ ಹೆಸರು ಹೇಳಿದ ಹಾಗಿರುತ್ತದೆ. ಆ ಕಂಬಿಯನ್ನು ಕಿತ್ತು ಅದಕ್ಕಿಂತ ಅಗಲದ ಬ್ರಾಡ್ ಗೇಜ್ ಹಾಕಿ, ಮತ್ತೆ ಪ್ಯಾಸೆಂಜರ್ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಅವರು ದಿನಾ ನಡೆದ ಕಂಬಿ ಈಗ ಇಲ್ಲ. ಅದರ ಅಳತೆ ಕಣದ ಪಕ್ಕದಲ್ಲಿ ಸಿಕ್ಕಿತು.

ಅಲ್ಲಿಂದ ಕೆಲಸ ಅವರ ಕೈಗೆ ಹೋಯಿತು. ಕಾಫಿ ಒಣಗಿಸುವ ಕಣದ ಆಚೆ, ಸಿಲ್ವರ್ ಓಕ್ ಮರಗಳ ಕೆಳಗೆ ಒಂದು ಗೇಣು ಅಗಲ ಮಣ್ಣು ತೆಗೆದು, ಸಣ್ಣ ಜಲ್ಲಿ ತುಂಬಿ, ದಿಮ್ಮಿಸು ಹೊಡೆದೆವು. ಸ್ಲೀಪರ್, ಅಂದರೆ ಕಂಬಿ ಕೂರುವ ಅಡ್ಡಪಟ್ಟಿಯ ಕೆಳಗೆ ಜಲ್ಲಿ ಪ್ಯಾಕಿಂಗ್ ಮಾಡುವುದಕ್ಕೆ ಅಣ್ಣ ಹಳೆ ಸ್ಕ್ರೂಡ್ರೈವರ್ ಒಂದನ್ನು ತಟ್ಟಿ ಚಪ್ಪಟೆ ಮಾಡಿಕೊಂಡರು. ಕಂಬಿ ಸೇರುವ ಕಡೆ ಸಣ್ಣ ಸಂದು ಬಿಡಿಸಿದರು. ಯಾಕೆ ಅಂದರೆ, 20 ಮೀಟರ್ ಹಿತ್ತಾಳೆ ಕಂಬಿ 30 ಡಿಗ್ರಿ ಬಿಸಿಯಾದರೆ ಸುಮಾರು 11 ಮಿಲಿಮೀಟರ್ ಬೆಳೆಯುತ್ತದೆ. ಜಾಗ ಇಲ್ಲದಿದ್ದರೆ ಏಪ್ರಿಲ್ ಬಿಸಿಲಿಗೆ ಕಂಬಿ ಹಾವಿನ ಹಾಗೆ ಸೊಟ್ಟ ಆಗುತ್ತದೆ. ಸೆಟ್ಟಿನ ಪುಸ್ತಕದಲ್ಲಿ ಈ ವಿಷಯಕ್ಕೆ ಅರ್ಧ ಸಾಲೂ ಇಲ್ಲ.

ಡಬ್ಬದಲ್ಲಿ ಬರುವ ತಿರುವು 60 ಸೆಂಟಿಮೀಟರ್ ತ್ರಿಜ್ಯದ್ದು. ಉದ್ದ ಬೋಗಿಗಳು ಅದರಲ್ಲಿ ಕಿರುಗುಟ್ಟುತ್ತವೆ. ದಯವಿಟ್ಟು ಅದಕ್ಕೆ ಎರಡರಷ್ಟು ಅಗಲದ ತಿರುವು ತಗೊಳ್ಳಿ, ಜಾಗ ಇದ್ದರೆ. ಏರನ್ನೂ ಮೊದಲು ಮೀಟರಿಗೆ ನಾಲ್ಕು ಸೆಂಟಿಮೀಟರ್ ಇಟ್ಟಿದ್ದೆವು. ಇಂಜಿನ್ ಚಕ್ರ ಸುಮ್ನೆ ನಿಂತಲ್ಲೇ ತಿರುಗುತ್ತಿತ್ತು. ಕೊನೆಗೆ ಘಾಟಿಯ ಲೆಕ್ಕಕ್ಕೇ ಬಂದೆವು, ಮೀಟರಿಗೆ ಎರಡು ಸೆಂಟಿಮೀಟರ್. ಮೂರು ಬೋಗಿ ಎಳೆದುಕೊಂಡು ಆರಾಮಾಗಿ ಹತ್ತುತ್ತದೆ.

ನಮ್ಮ ಭಾನುವಾರ ಹೀಗೆ. ನಾನೂ ಮೇಷ್ಟ್ರೂ ಹಾಸನದಿಂದ ಬೆಳಗಿನ ಬಸ್ಸಿಗೆ ಹೋಗುತ್ತೇವೆ. ಅಷ್ಟರಲ್ಲಿ ಗೆಳೆಯ ಕಡ್ಡಿ ಪೊರಕೆಯಲ್ಲಿ ಸಿಲ್ವರ್ ಓಕ್ ಎಲೆ ಗುಡಿಸಿರುತ್ತಾನೆ. ನಾನು ಹಳೆ ಪಂಚೆಯ ತುಂಡು ತಗೊಂಡು ಕುಕ್ಕರುಗಾಲಲ್ಲಿ ಕೂತು ಕಂಬಿ ಒರೆಸುತ್ತೇನೆ. ಮುಗಿಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ವಾರದಲ್ಲೇ ನನಗೆ ಅತಿ ಇಷ್ಟದ ಹೊತ್ತು. ಆಮೇಲೆ ಅಣ್ಣ ಬೀಟ್ ಹೊರಡುತ್ತಾರೆ. ಕೈ ಹಿಂದೆ ಕಟ್ಟಿಕೊಂಡು ಇಡೀ ಲೈನನ್ನು ಒಂದು ಸುತ್ತು ನಡೆಯುತ್ತಾರೆ. ಅನುಮಾನ ಬಂದ ಕಡೆ ಕೂತು, ಒಂದು ಕಣ್ಣು ಮುಚ್ಚಿ ಕಂಬಿಯ ಉದ್ದಕ್ಕೂ ನೋಡುತ್ತಾರೆ. "ಇಲ್ಲಿ ಒಂದು ನೂಲು ಕೂತಿದೆ ತಮ್ಮ" ಅನ್ನುತ್ತಾರೆ, ಅಂದರೆ ಕಂಬಿ ಒಂಚೂರು ತಗ್ಗಿದೆ ಅಂತ. ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಲೆವೆಲ್ ಇಟ್ಟು ನೋಡಿದರೆ ಅವರು ಹೇಳಿದ್ದೇ ಸರಿ. ಅವರು ಕೈ ಎತ್ತಿದ ಮೇಲೆಯೇ ರೈಲು ಹೊರಡುವುದು. ಮೊದಲ ಸುತ್ತು ಖಾಲಿ ಇಂಜಿನ್. ಎರಡನೇ ಸುತ್ತಿಗೆ ಬೆಲ್ಲದ ಕಾಫಿ ಬರುತ್ತದೆ. ಡಿಸೆಂಬರಿನಲ್ಲಾದರೆ ತೆರೆದ ವ್ಯಾಗನ್ನಿಗೆ ಕೆಂಪು ಕಾಫಿ ಹಣ್ಣು ತುಂಬಿ ಕಣದ ಈ ತುದಿಯಿಂದ ಆ ತುದಿಗೆ ಕಳಿಸುತ್ತೇವೆ. ಕೊಯ್ಲಿಗೆ ಬಂದ ಹೆಂಗಸರು ನಿಂತು ನೋಡುತ್ತಾರೆ.

ಈಗ ಮಳೆಯ ಕಥೆ.

ಈ ರೈಲಿಗೆ ಕಂಟ್ರೋಲರಿನಿಂದ ಕಂಬಿಗೆ ಹೆಚ್ಚೆಂದರೆ 24 ವೋಲ್ಟ್ ಹೋಗುತ್ತದೆ. ಚಕ್ರಗಳ ಮೂಲಕ ಅದು ಮೋಟಾರಿಗೆ ತಲುಪಬೇಕು. ಕಂಬಿ ಒಣಗಿ, ಚೊಕ್ಕಟವಾಗಿದ್ದರೆ ಮಾತ್ರ ಇದು ಸಾಧ್ಯ. ಜೂನ್ ಎರಡನೇ ವಾರ ಮಳೆ ಹಿಡಿಯಿತು. ಹಿತ್ತಾಳೆ ಕಪ್ಪಾಯಿತು. ಎರಡು ಕಂಬಿ ಸೇರಿಸುವ ಫಿಶ್‌ಪ್ಲೇಟಿನ ಒಳಗೆ ಹಸಿರು ಕಿಲುಬು ಕೂತಿತು. ಕಂಟ್ರೋಲರ್ ಹತ್ತಿರ ಇಂಜಿನ್ ಓಡುತ್ತದೆ, ಆಚೆ ತುದಿಯಲ್ಲಿ ಲೈಟು ಮಂಕಾಗಿ ನಿಂತುಬಿಡುತ್ತದೆ. ಅದರ ಜೊತೆಗೆ ಬಸವನಹುಳು. ರಾತ್ರಿ ಕಂಬಿಯ ಮೇಲೆ ಹರಿದು ಬಿಟ್ಟುಹೋದ ಲೋಳೆ ಒಣಗಿದರೆ ಕರೆಂಟೂ ಹೋಗದು, ಚಕ್ರವೂ ಹಿಡಿಯದು. ಬೆಳಿಗ್ಗೆ ಒರೆಸಿದ್ದು ಮಧ್ಯಾಹ್ನದ ಒಂದು ಹನಿ ಮಳೆಗೆ ಹಾಳು. ನನಗೆ ಅಷ್ಟು ಇಷ್ಟವಾಗಿದ್ದ ಒರೆಸುವ ಕೆಲಸವೇ ಶಿಕ್ಷೆ ಆಯಿತು. ಎರಡನೇ ಮಳೆಗಾಲದಲ್ಲಿ ಪ್ರತಿ ಜೋಡಣೆ ಬಿಚ್ಚಿ, ಕರೆಂಟ್ ಹರಿಯುವ ಪೇಸ್ಟ್ ಹಚ್ಚಿದೆವು. ಮೂರು ವಾರ ಬಾಳಿತು.

ಮಾರಿದವರಿಗೆ ಬರೆದೆವು. "ಒಣ ಹವೆಯಲ್ಲಿ ಬಳಸಿ" ಅಂತ ಉತ್ತರ ಬಂತು. ಡಬ್ಬದ ಮೇಲೆ ಮಾತ್ರ ಮಳೆ, ಬಿಸಿಲು ಎರಡಕ್ಕೂ ಸರಿ ಅಂತ ಅಚ್ಚಾಗಿದೆ. ಕಂಬಿ ಮುರಿಯುವುದಿಲ್ಲ, ನಿಜ. ರೈಲು ಓಡುವುದಿಲ್ಲ, ಅದೂ ನಿಜ. ದುಡ್ಡು ಕೊಟ್ಟವರಿಗೆ ಇದು ಮೋಸವೇ. ನನಗೆ ಇಂದಿಗೂ ಸಿಟ್ಟಿದೆ. ಆ ವರ್ಷ ಆಗಸ್ಟಿನಲ್ಲಿ ನಾಲ್ಕು ಭಾನುವಾರ ನಾವು ಸೇರಲೇ ಇಲ್ಲ. ಅಣ್ಣ ಮಾತ್ರ ಒಬ್ಬರೇ ಬಂದು ಬೀಟ್ ನಡೆದು ಹೋಗುತ್ತಿದ್ದರು ಅಂತ ಗೆಳೆಯ ಆಮೇಲೆ ಹೇಳಿದ.

ದಾರಿ ತೋರಿಸಿದ್ದು ಮೇಷ್ಟ್ರ ಹಳೆಯ ಶಿಷ್ಯ, ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ಹುಡುಗ. ಚಕ್ರದಿಂದ ಮೋಟಾರಿಗೆ ಹೋಗುವ ತಂತಿ ಕತ್ತರಿಸಿದ. ಇಂಜಿನ್ ಹಿಂದಿನ ಮುಚ್ಚಿದ ವ್ಯಾಗನ್ನಿನಲ್ಲಿ ಐದು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿ 18.5 ವೋಲ್ಟ್ ಮಾಡಿದ. ಸೆಲ್‌ಗಳ ಕಾವಲಿಗೆ ಒಂದು ಸಣ್ಣ ಬೋರ್ಡು, ಒಂದು ರೇಡಿಯೊ ರಿಸೀವರ್, ಕೈಯಲ್ಲಿ ರಿಮೋಟ್. ಒಟ್ಟು 6,500 ರೂಪಾಯಿ. ಈಗ ಕಂಬಿಯಲ್ಲಿ ಕರೆಂಟೇ ಇಲ್ಲ. ಕಪ್ಪಾದರೆ ಆಗಲಿ. ಒಮ್ಮೆ ಚಾರ್ಜ್ ಮಾಡಿದರೆ ಒಂದೂ ಮುಕ್ಕಾಲು ಗಂಟೆ ಓಡುತ್ತದೆ, ಅಂದರೆ ನಮ್ಮ ಎರಡು ಸುತ್ತು ಕಾಫಿಗೆ ಧಾರಾಳ.

ಹಾಗಾಗಿ ನನ್ನ ಸಲಹೆ ಇಷ್ಟು. ಹಾಸನ ಪೇಟೆಯಲ್ಲಿ ತಾರಸಿ ಮೇಲೋ, ವರಾಂಡದಲ್ಲೋ ಓಡಿಸುವವರು ಸೆಟ್ಟನ್ನು ಹಾಗೇ ತಗೊಳ್ಳಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರು ಇಂಜಿನ್, ಬೋಗಿ, ಕಂಬಿ ಬಿಡಿಯಾಗಿ ತಗೊಂಡು ಮೊದಲ ದಿನವೇ ಬ್ಯಾಟರಿ ಹಾಕಿಸಿ. ಕಂಟ್ರೋಲರಿಗೆ ಕೊಡುವ ದುಡ್ಡನ್ನು ಅಗಲದ ತಿರುವಿಗೆ ಹಾಕಿ. ಮತ್ತೆ, ಒಬ್ಬರೇ ಮಾಡಬೇಡಿ. ಗುಡಿಸಲು ಒಬ್ಬರು, ಲೆಕ್ಕಕ್ಕೆ ಒಬ್ಬರು, ಕಂಬಿ ಗೊತ್ತಿರುವವರು ಒಬ್ಬರು ಬೇಕೇ ಬೇಕು.

ಕಂಬಿ ಒರೆಸುವ ಅಗತ್ಯ ಈಗಿಲ್ಲ. ಆದರೂ ಪಂಚೆ ತುಂಡು ತಗೊಂಡು ಕೂರುತ್ತೇನೆ. ಈ ಜುಲೈಯಲ್ಲಿ ಜಿಟಿಜಿಟಿ ಮಳೆಯಲ್ಲೇ ರೈಲು ಏರು ಹತ್ತಿ, ಸಿಮೆಂಟ್ ಪೈಪಿನ ಸುರಂಗ ಹೊಕ್ಕು, ಹೆಡ್‌ಲೈಟ್ ಹಾಕಿಕೊಂಡು ಹೊರಗೆ ಬಂತು. ಅಣ್ಣ ಛತ್ರಿ ಹಿಡಿದು ಸುರಂಗದ ಬಾಯಲ್ಲಿ ನಿಂತಿದ್ದರು, ಇನ್ನೊಂದು ಕೈಯಲ್ಲಿ ಹಸಿರು ಬಟ್ಟೆ.